ಗೋಡೆಯ ಗೀಚೂ ಶಾಸನವೇ

ಶಾಸನವೆಂದೊಡನೆ ನಮ್ಮ ವಿದ್ಯಾವಂತರ ಕಣ್ಣು ಅರಸನನ್ನೇ ಅರಸುತ್ತದೆ. ವೇಣೂರಿನಲ್ಲಿ 1604ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ತಿಮ್ಮರಾಜ ಅಜಿಲನ ಹೆಸರಿಗೆ ಸಲ್ಲುವ ಗೌರವ, ಗುಡಿಯ ಮೂಲೆಯಲ್ಲಿ ಯಾತ್ರಿಕನೊಬ್ಬ ಕೊರೆದ ಹೆಸರಿಗೆ ಸಲ್ಲದು. ಅದು ಬರಿಯ ಗೀಚು. ಸುಣ್ಣ ಬಳಿದರೆ ತೀರಿತು!

ಈ ತಾತ್ಸಾರವನ್ನು ಒಪ್ಪಲಾಗದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಬರಹವಿದೆ. ಅದು ರನ್ನನದೇ ಎಂದು ವಿದ್ವಾಂಸರ ಅಭಿಪ್ರಾಯ. ಅಲ್ಲಿಯೇ ಉತ್ತರದೇಶದ ಯಾತ್ರಿಕರು ನಾಗರಿಯಲ್ಲೂ ಮಹಾಜನಿ ಲಿಪಿಯಲ್ಲೂ ಬರೆದುಹೋಗಿದ್ದಾರೆ. 1889ರಲ್ಲಿ ರೈಸ್ ಸಾಹೇಬರು ಪ್ರಕಟಿಸಿದ ಬೆಳಗೊಳದ ಶಾಸನಗಳು 144. 1923ರಲ್ಲಿ ನರಸಿಂಹಾಚಾರ್ಯರ ಆವೃತ್ತಿಯಲ್ಲಿ ಅವು 500. ಯಾತ್ರಿಕರ ಪುಟ್ಟ ಬರಹಗಳನ್ನೂ ಅವರು ಎಣಿಕೆಗೆ ತಂದರು.

ದೂರದ ಸ್ಲಾವ್ ನಾಡುಗಳೂ ಇದನ್ನೇ ಹೇಳುತ್ತವೆ. ಅಲ್ಲಿ ಇಗರ್ಜಿಯ ಗೋಡೆ ಕೊರೆಯುವುದು ವ್ಲಾದಿಮಿರ್ ದೊರೆಯ ಹೆಸರಿನ ಕಟ್ಟಳೆಯಲ್ಲೇ ಅಪರಾಧ. ಆದರೂ ಭಕ್ತರು ಕೊರೆದರು. ಕೀವಿನ ಸಂತ ಸೋಫಿಯಾ ಇಗರ್ಜಿಯಲ್ಲಿ 1054ರ ಯಾರೊಸ್ಲಾವ್ ದೊರೆಯ ಮರಣವೂ ಗೀಚಾಗಿ ಉಳಿದಿದೆ. ಗ್ಲಾಗೋಲಿಟಿಕ್ ಎಂಬ ಆದಿ ಸ್ಲಾವ್ ಲಿಪಿ ರಷ್ಯದಲ್ಲಿ ಬಲು ವಿರಳ. ಅದು ಅಲ್ಲಿ ಬಳಕೆಯಲ್ಲಿತ್ತೆಂಬುದಕ್ಕೆ ನೋವ್‌ಗೊರೋಡಿನ ಇಗರ್ಜಿಯ ಗೀಚುಗಳೇ ಮುಖ್ಯ ಸಾಕ್ಷಿ.

ನಮಗೂ ಅಂಥದೊಂದು ಲಿಪಿಯಿದೆಯಲ್ಲವೆ? ತುಳು ಲಿಪಿ ಓಲೆಗರಿಯಲ್ಲಿ ಹೇರಳ, ಕಲ್ಲಿನಲ್ಲಿ ಅಪರೂಪ. 2024ರಲ್ಲಿ ಅದು ಯುನಿಕೋಡಿಗೆ ಸೇರಿದಾಗ ಹಿಗ್ಗಿದೆವು. ಅದೇ ಕೈಯಿಂದ ಸಿದ್ಧಕಟ್ಟೆಯ ಸುತ್ತಣ ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ಸೀಮೆಯಲ್ಲಿ ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಮುರಕಲ್ಲಿನ ಗೋಡೆ ಕೆಡವುತ್ತೇವೆ. ಬ್ರಹ್ಮಕಲಶಕ್ಕೆ ಚಪ್ಪರವೆಷ್ಟು, ಊಟವೆಷ್ಟು ಎಂದು ಸಭೆ ಸೇರುವ ಸಮಿತಿ, ಕೆಡವುವ ಕಲ್ಲಿನ ಮೇಲೇನಿದೆ ಎಂದು ಒಮ್ಮೆ ದೀಪ ಹಿಡಿದು ನೋಡಬಾರದೆ?

‘ಹಾಗಾದರೆ ಇಂದಿನ ಪ್ರೇಮಿಗಳು ಕಂಬಕ್ಕೆ ಕೊರೆಯುವ ಹೆಸರೂ ಶಾಸನವೋ?’ ಎಂದು ಕೆಲವರು ನಗಬಹುದು. ಅಲ್ಲ. ಸ್ಮಾರಕವನ್ನು ಕೆಡಿಸುವುದು 1958ರ ಕಾಯಿದೆಯಂತೆ ಶಿಕ್ಷಾರ್ಹ, ಶಿಕ್ಷೆಯಾಗಲಿ. ಆದರೆ ಇಂದು ಹೊಸದಾಗಿ ಕೊರೆಯುವವನೂ ಹಳೆಯದನ್ನು ಅಳಿಸುವವನೂ ಒಂದೇ ಗೋಡೆಗೆ ದ್ರೋಹ ಬಗೆಯುತ್ತಾರೆ. ಮೊದಲನೆಯವನನ್ನು ಪೋಲೀಸರಿಗೊಪ್ಪಿಸುತ್ತೇವೆ, ಎರಡನೆಯವನಿಗೆ ಶಾಲು ಹೊದಿಸುತ್ತೇವೆ!

ಕೇಳುವುದು ದೊಡ್ಡದೇನಲ್ಲ. ಹಾರೆ ಬೀಳುವ ಮೊದಲು ಛಾಯಾಚಿತ್ರ ತೆಗೆಯಿರಿ. ಅಕ್ಷರ ಕಂಡಲ್ಲಿ ಬಲ್ಲವರನ್ನು ಕರೆಸಿ ಪಡಿಯಚ್ಚು ತೆಗೆಸಿರಿ. ಬರಹವಿರುವ ಕಲ್ಲನ್ನು ಅಡಿಪಾಯಕ್ಕೆ ತುಂಬದೆ ಅಂಗಳದಲ್ಲಿ ನಿಲ್ಲಿಸಿರಿ. ಅರಸರು ತಮ್ಮ ಹೆಸರುಳಿಸಲು ಶಿಲ್ಪಿಗಳನ್ನಿಟ್ಟಿದ್ದರು. ಬಡ ಯಾತ್ರಿಕನಿಗೆ ಇದ್ದದ್ದು ಆ ಗೋಡೆಯೊಂದೇ.