ಡ್ರಮ್ಮು ತುಂಬಿದಾಗ

ಶಹಾಡ್ ಎಂದರೆ ಮುಂಬೈಯ ಕನ್ನಡಿಗರಲ್ಲೇ ಎಷ್ಟೋ ಮಂದಿ "ಅದೆಲ್ಲಿ ಬಂತು?" ಎನ್ನುತ್ತಾರೆ. ಕಲ್ಯಾಣ್ ದಾಟಿ ಕಸಾರಾ ಕಡೆಗೆ ಹೊರಟ ಲೋಕಲ್‌ಗೆ ಸಿಗುವ ಮೊದಲ ಸ್ಟೇಷನ್ನೇ ನಮ್ಮದು. ಸೆಂಚುರಿ ರೇಯಾನ್ ಕಾರ್ಖಾನೆ, ಬಿರ್ಲಾ ಮಂದಿರದ ವಿಠ್ಠಲ, ಇವೆರಡು ನಮ್ಮೂರಿನ ಗುರುತು. ಸ್ಟೇಷನ್ನಿನಿಂದ ಶೇರ್ ಆಟೋ ಹತ್ತಿದರೆ ಸ್ವಲ್ಪ ಹೊತ್ತಿಗೆ ಉಲ್ಹಾಸನಗರದ ಒಂದನೇ ಕ್ಯಾಂಪ್. ಎರಡನೇ ಮಹಾಯುದ್ಧದ ಕಾಲದ ಸೈನಿಕ ಶಿಬಿರದಲ್ಲಿ ದೇಶ ವಿಭಜನೆಯ ನಂತರ ಸಿಂಧಿ ನಿರಾಶ್ರಿತರು ನೆಲೆ ನಿಂತು ಕಟ್ಟಿದ ಊರು ಅದು. ಬಡಾವಣೆಗಳಿಗೆ ಈಗಲೂ ಕ್ಯಾಂಪ್ ನಂಬರುಗಳೇ ಹೆಸರು. ಅಲ್ಲಿನ ಜೀನ್ಸ್ ಮತ್ತು ಫರ್ನಿಚರ್ ಎಲ್ಲೆಲ್ಲಿಗೋ ಹೋಗುತ್ತವೆ.

ಆ ಫರ್ನಿಚರ್ ಕೆಲಸದ ಒಂದು ಶೆಡ್ಡಿನಲ್ಲಿ ನನಗೆ ಕನ್ನಡ ಕೇಳಿಸಿತು. ಮಗಳಿಗೆ ಓದುವ ಮೇಜು ಮಾಡಿಸಲು ಹೋಗಿದ್ದೆ. ಮಾಲೀಕರು ಫೋನಿನಲ್ಲಿ "ಎಂತಕ್ಕೆ ಮಾರಾಯಾ, ನಾಳೆ ಬಾ" ಎಂದದ್ದೇ ತಡ, ಹೊನ್ನಾವರ ಕಡೆಯವರೆಂದು ಗೊತ್ತಾಯಿತು. ನಾನು ತುಮಕೂರಿನ ಕಡೆಯವನು. ಊರಿನಲ್ಲಿದ್ದರೆ ಅವರ ಕನ್ನಡ ನನಗೆ, ನನ್ನ ಕನ್ನಡ ಅವರಿಗೆ ತಮಾಷೆಯಾಗುತ್ತಿತ್ತು. ಇಲ್ಲಿ ಇಬ್ಬರಿಗೂ ಹಬ್ಬ. ಎಲ್ಲರೂ ಅವರನ್ನು ಆಚಾರಿ ಸೇಠ್ ಎನ್ನುತ್ತಾರೆ. ನಾನು ಆಚಾರ್ರು ಎನ್ನುತ್ತೇನೆ. ಅವರು ಮೊದಲ ದಿನ ನನ್ನನ್ನು "ಸರ್" ಎಂದವರು, ಎರಡನೆಯ ಭೇಟಿಗೇ "ತಮಾ" ಎಂದರು.

ಮೂವತ್ತು ವರ್ಷದಿಂದ ಮರದ ಹುಡಿಯಲ್ಲೇ ಬದುಕಿದವರು. ಮಾತಿನ ನಡುವೆ ಕೆಮ್ಮು ಬರುತ್ತದೆ. ಕೇಳಿದರೆ "ಹುಡಿಯೇ ನಮ್ಮ ಅನ್ನ ಅಲ್ವೋ ತಮಾ" ಎಂದು ನಕ್ಕುಬಿಡುತ್ತಾರೆ.

ಹಾಗೆಂದು ಅವರು ಹುಡಿಯ ಬಗ್ಗೆ ಏನೂ ಮಾಡಿರಲಿಲ್ಲ ಎಂದಲ್ಲ. ಎರಡು ವರ್ಷದ ಹಿಂದೆ ಸೆಕೆಂಡ್‌ಹ್ಯಾಂಡ್ ಡಸ್ಟ್ ಕಲೆಕ್ಟರ್ ಒಂದನ್ನು ಕೊಂಡಿದ್ದರು. ಮೆಷಿನ್ನುಗಳಿಂದ ಹುಡಿಯನ್ನು ಹೀರಿಕೊಳ್ಳುವ ದೊಡ್ಡ ಬ್ಲೋವರ್, ಅದಕ್ಕೂ ಮುಂಚೆ ಆಲಿಕೆಯಾಕಾರದ ಒಂದು ಸೈಕ್ಲೋನ್, ಅದರ ಅಡಿಗೆ 200 ಲೀಟರಿನ ಕಬ್ಬಿಣದ ಡ್ರಮ್. ಗಾಳಿ ಸೈಕ್ಲೋನಿನೊಳಗೆ ಸುಳಿಸುತ್ತಿ ತಿರುಗುತ್ತದೆ. ಭಾರವಾದ ಹೊಟ್ಟು, ಸಿಪ್ಪೆ ಗೋಡೆಗೆ ತಾಗಿ ಜಾರಿ ಡ್ರಮ್ಮಿಗೆ ಬೀಳುತ್ತದೆ. ಹಗುರ ಗಾಳಿ ಮಾತ್ರ ಮೇಲಿನಿಂದ ಫಿಲ್ಟರ್ ಚೀಲಕ್ಕೆ ಹೋಗುತ್ತದೆ. ಡ್ರಮ್ಮಿನಲ್ಲಿ ಜಾಗ ಇರುವವರೆಗೆ ಈ ಏರ್ಪಾಡು ಚೆನ್ನಾಗಿ ನಡೆಯುತ್ತದೆ. ಡ್ರಮ್ ತುಂಬಿತೋ, ಹೊಟ್ಟು ಸೈಕ್ಲೋನಿನ ಬಾಯಿವರೆಗೆ ಏರಿ ಸುಳಿಗಾಳಿಗೆ ಸಿಕ್ಕಿ ನೇರ ಫಿಲ್ಟರಿಗೆ ನುಗ್ಗುತ್ತದೆ. ಫಿಲ್ಟರಿನ ರಂಧ್ರ ಮುಚ್ಚುತ್ತದೆ, ಹೀರುವ ಶಕ್ತಿ ಕುಸಿಯುತ್ತದೆ. ಹೊರಗಿನಿಂದ ನೋಡಿದರೆ ಮೋಟರ್ ಎಂದಿನಂತೆ ಗೊರಗುಡುತ್ತಿರುತ್ತದೆ.

ಕಳೆದ ಡಿಸೆಂಬರಿನಲ್ಲಿ ಆದದ್ದೂ ಅದೇ. ಮಧ್ಯಾಹ್ನ ಪೂರ್ತಿ ಡ್ರಮ್ ತುಂಬಿದ್ದು ಯಾರಿಗೂ ತಿಳಿಯಲಿಲ್ಲ. ಪಕ್ಕದಲ್ಲಿ ಪಾಲಿಶ್ ಹೊಡೆದು ಒಣಗಲು ಇಟ್ಟಿದ್ದ ಎಂಟು ವಾರ್ಡ್‌ರೋಬ್ ಬಾಗಿಲುಗಳ ಮೇಲೆ ಹುಡಿ ಕೂತು ಮರಳುಕಾಗದದಂತಾದವು. ಎಲ್ಲವನ್ನೂ ಉಜ್ಜಿ ಮತ್ತೆ ಪಾಲಿಶ್. ಆ ವಾರ ಮಗಳ ಮೇಜು ತರಲು ಹೋದಾಗ ಆಚಾರ್ರು ಕೇಳಿದರು: "ತಮಾ, ನೀನು ಕಂಪ್ಯೂಟರಿನವ. ಡ್ರಮ್ ತುಂಬಿದ ಕೂಡಲೇ ಕೂಗುವಂಥದ್ದು ಒಂದು ಮಾಡಿಕೊಡ್ಲಿಕ್ಕೆ ಆಗ್ತದೋ?"

ಐರೋಲಿಯ ಆಫೀಸಿನಲ್ಲಿ ನನ್ನ ಕೆಲಸವೇ ಅದು. ಸರ್ವರ್‌ಗಳ ಡಿಸ್ಕ್ ತುಂಬುವ ಮುಂಚೆ ಅಲರ್ಟ್ ಬರುವಂತೆ ನೋಡಿಕೊಳ್ಳುವುದು. ಡ್ರಮ್ ಎಂದರೆ ಒಂದು ಡಿಸ್ಕ್ ಅಷ್ಟೇ ತಾನೇ ಎಂದುಕೊಂಡು ಒಂದೇ ಭಾನುವಾರದ ಕೆಲಸ ಎಂದು ಒಪ್ಪಿಕೊಂಡೆ. ಹಿಡಿದದ್ದು ನಾಲ್ಕು ತಿಂಗಳು.

ಮೊದಲು ಲೆಕ್ಕ ಹಾಕಿದೆ. 300 ಮಿಲಿಮೀಟರ್ ಅಗಲ, 2.4 ಮೀಟರ್ ಉದ್ದದ ಹಲಗೆಯಿಂದ ಪ್ಲೇನರ್ ಒಂದು ಮಿಲಿಮೀಟರ್ ಕೀಸಿದರೆ ಹೊರಬರುವ ಮರ 0.72 ಲೀಟರ್. ಸುರುಳಿ ಸಿಪ್ಪೆಯಾಗಿ ಉಬ್ಬಿದಾಗ ಅದು ಐದು ಪಟ್ಟು ಎಂದುಕೊಂಡರೂ ಮೂರೂವರೆ ಲೀಟರಿಗಿಂತ ಹೆಚ್ಚು. ಡ್ರಮ್ಮಿನಲ್ಲಿ ಬಳಸಬಹುದಾದದ್ದು 150 ಲೀಟರ್. ಅಂದರೆ ಹೆಚ್ಚುಕಡಿಮೆ 40 ಸಲ ಹಲಗೆ ಓಡಿಸಿದರೆ ಮುಗಿಯಿತು. ತೇಗದ ಕೆಲಸ ಜೋರಿರುವ ದಿನ ಮಧ್ಯಾಹ್ನದೊಳಗೆ ತುಂಬುತ್ತದೆ. ಪ್ಲೈವುಡ್ ಕೊಯ್ಯುವ ದಿನ ಸಂಜೆಯಾದರೂ ಅರ್ಧವಾಗುವುದಿಲ್ಲ. ಗಡಿಯಾರ ನೋಡಿ ಖಾಲಿ ಮಾಡುವ ಉಪಾಯ ನಡೆಯುವುದಿಲ್ಲ ಎಂದಾಯಿತು.

ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್‌ಗೆ, ಅಲ್ಲಿಂದ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಎಲೆಕ್ಟ್ರಾನಿಕ್ಸ್ ಹುಚ್ಚಿನವರಿಗೆ ಅದು ಬೆಂಗಳೂರಿನ ಎಸ್.ಪಿ. ರೋಡ್ ಇದ್ದ ಹಾಗೆ. ಮೊದಲು ತಂದದ್ದು ಅಲ್ಟ್ರಾಸಾನಿಕ್ ಸೆನ್ಸರ್. ಮುಚ್ಚಳದಿಂದ ಕೆಳಕ್ಕೆ ಶಬ್ದ ಕಳಿಸಿ, ಪ್ರತಿಧ್ವನಿ ಬರಲು ಹಿಡಿದ ಸಮಯದಿಂದ ದೂರ ಅಳೆಯುತ್ತದೆ. ಮನೆಯಲ್ಲಿ ಬಕೆಟ್ ನೀರಿನ ಮೇಲೆ ಚೆನ್ನಾಗಿ ಓಡಿತು. ಡ್ರಮ್ಮಿನಲ್ಲಿ ಮೆತ್ತನೆಯ ಹೊಟ್ಟು ಶಬ್ದವನ್ನೇ ನುಂಗಿತು. ನುಂಗದೆ ಉಳಿದದ್ದನ್ನು ಸುಳಿಯುವ ಹುಡಿ ಚದುರಿಸಿತು. ಖಾಲಿ ಡ್ರಮ್ಮಿಗೆ ತುಂಬಿದೆ ಎನ್ನುತ್ತಿತ್ತು, ತುಂಬಿದಾಗ ಸುಮ್ಮನಿರುತ್ತಿತ್ತು.

ಎರಡನೆಯದು ಇನ್‌ಫ್ರಾರೆಡ್. ಡ್ರಮ್ಮಿನ ಎದುರುಬದುರು ಎರಡು ತೂತು, ಗಾಳಿ ಸೋರದಂತೆ ಅಕ್ರಿಲಿಕ್ ಕಿಟಕಿ, ಒಂದರಿಂದ ಇನ್ನೊಂದಕ್ಕೆ ಕಾಣದ ಬೆಳಕು. ಗಾಳಿ ಸೋರಿಕೆಯ ವಿಷಯದಲ್ಲಿ ಉಪೇಕ್ಷೆ ಕೂಡದು. ಡ್ರಮ್ಮಿನಲ್ಲಿ ಸಣ್ಣ ಬಿರುಕಿದ್ದರೂ ಹೊರಗಿನ ಗಾಳಿ ಒಳನುಗ್ಗಿ, ಕೂತ ಹುಡಿಯನ್ನು ಎಬ್ಬಿಸಿ ಮೇಲಕ್ಕೆ ಒಯ್ಯುತ್ತದೆ. ಸಿಲಿಕೋನ್ ಹಾಕಿ ಮುಚ್ಚಿದೆ. ಮೂರು ದಿನ ಸೊಗಸಾಗಿ ಕೆಲಸ ಮಾಡಿತು. ನಾಲ್ಕನೆಯ ದಿನದಿಂದ ಹತ್ತು ನಿಮಿಷಕ್ಕೊಮ್ಮೆ ಪೀಪಿ. ಪ್ಲಾಸ್ಟಿಕ್ಕಿನ ಮೇಲಿನ ಸ್ಥಿರ ವಿದ್ಯುತ್ತಿಗೆ ಎಂಡಿಎಫ್‌ನ ನುಣ್ಣನೆಯ ಹುಡಿ ಅಂಟಿಕೊಂಡು ಕಿಟಕಿ ಕುರುಡಾಗಿತ್ತು.

ಆ ವಾರ ಶೆಡ್ಡಿನ ಹೆಲ್ಪರ್ ಹುಡುಗ ನನಗೊಂದು ಪಾಠ ಕಲಿಸಿದ. ಗೋರಖಪುರ ಕಡೆಯವನು, ಹತ್ತೊಂಬತ್ತು ವರ್ಷ. ಪೀಪಿ ಬಡಿದುಕೊಳ್ಳುತ್ತಿದ್ದರೂ ಅವನು ತಿರುಗಿಯೂ ನೋಡಲಿಲ್ಲ. ಏಕೆಂದು ಕೇಳಿದರೆ, "ಭೈಯಾ, ಯೇ ಝೂಠ್ ಬೋಲ್ತಾ ಹೈ" ಎಂದ.

ಸುಳ್ಳು ಹೇಳುತ್ತದೆ! ಆಫೀಸಿನಲ್ಲಿ ರಾತ್ರಿ ಎರಡು ಗಂಟೆಗೆ ಫೋನ್ ಕೂಗಿದಾಗ ನಾನೂ ಕಣ್ಣು ಬಿಡದೆ ಅದರ ಬಾಯಿ ಮುಚ್ಚಿಸಿ ಮಲಗಿದ್ದಿದೆ. ಹತ್ತು ಸಲ ಸುಳ್ಳು ಕೂಗಿದ ಅಲರ್ಟ್ ಹನ್ನೊಂದನೆಯ ಸಲ ನಿಜ ಹೇಳಿದರೆ ಯಾರು ನಂಬುತ್ತಾರೆ? ಕೆಟ್ಟ ಸೆನ್ಸರಿಗಿಂತ ಸೆನ್ಸರ್ ಇಲ್ಲದಿರುವುದೇ ವಾಸಿ. ಇಲ್ಲದಿದ್ದರೆ ಯಾರಾದರೂ ಇಣುಕಿಯಾದರೂ ನೋಡುತ್ತಾರೆ.

ಹಾಗೆ ಇಣುಕುತ್ತಿದ್ದವನೂ ಈ ಹುಡುಗನೇ. ದಿನಕ್ಕೆ ಹತ್ತು ಹನ್ನೆರಡು ಸಲ ಕ್ಲಾಂಪ್ ಬಿಚ್ಚಿ, ಮುಚ್ಚಳ ಎತ್ತಿ, ಮುಖ ಬಗ್ಗಿಸಿ ನೋಡುತ್ತಿದ್ದ. ಪ್ರತಿ ಸಲವೂ ಒಂದು ಮೋಡ ಅವನ ಮುಖಕ್ಕೆ ಏಳುತ್ತಿತ್ತು. ಮೂಗಿಗೆ ಒಂದು ಕರ್ಚೀಫ್, ಅಷ್ಟೇ. ಅಲ್ಲಿಯವರೆಗೆ ನನಗೆ ಇದು ಹಾಳಾದ ಪಾಲಿಶ್‌ನ ಸಮಸ್ಯೆಯಾಗಿತ್ತು.

ಅಂದು ರಾತ್ರಿ ಓದಲು ಕೂತೆ. ಇಂಗ್ಲೆಂಡಿನ ಹೈ ವಿಕಂಬ್ ಕುರ್ಚಿ ತಯಾರಿಕೆಗೆ ಹೆಸರಾದ ಊರು. ಅಲ್ಲಿ ಕಿವಿ-ಮೂಗು-ಗಂಟಲು ವೈದ್ಯೆಯಾಗಿದ್ದ ಎಸ್ಮೆ ಹ್ಯಾಡ್‌ಫೀಲ್ಡ್, ತೀರಾ ಅಪರೂಪದ ಒಂದು ಬಗೆಯ ಮೂಗಿನ ಕ್ಯಾನ್ಸರ್ ತಮ್ಮಲ್ಲಿಗೆ ಬರುವ ಫರ್ನಿಚರ್ ಕೆಲಸಗಾರರಲ್ಲಿ ಮತ್ತೆ ಮತ್ತೆ ಕಾಣಿಸುತ್ತಿದೆ ಎಂದು ಗಮನಿಸಿದರು. 1968ರಲ್ಲಿ ಅವರೂ ಸಹೋದ್ಯೋಗಿಗಳೂ ಅದನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಹುಡಿಯನ್ನು ಒಂದನೇ ಗುಂಪಿಗೆ ಸೇರಿಸಿತು. ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ವಸ್ತುಗಳ ಗುಂಪದು. ತಂಬಾಕಿನ ಹೊಗೆ, ಕಲ್ನಾರು ಇರುವುದೂ ಅಲ್ಲೇ. ಅಪಾಯದ ಪ್ರಮಾಣ ಎಲ್ಲಕ್ಕೂ ಒಂದೇ ಎಂದು ಇದರ ಅರ್ಥವಲ್ಲ, ಸಾಕ್ಷ್ಯ ಮಾತ್ರ ಅಷ್ಟು ಗಟ್ಟಿ. 2025ರವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯ 14ನೇ ಸೆಕ್ಷನ್ ಹುಡಿ ಮತ್ತು ಹೊಗೆಯ ಬಗ್ಗೆಯೇ ಇತ್ತು. ಆದರೆ ನಾಲ್ಕು ಮಂದಿಯ ಶೆಡ್ಡು ಆ ಕಾಯ್ದೆಯ ಲೆಕ್ಕಕ್ಕೆ ಬರುವ ಕಾರ್ಖಾನೆಯಾಗಿರಲಿಲ್ಲ.

ಮೂರನೆಯ ಉಪಾಯ ಹೊಳೆದದ್ದು ಅಡುಗೆಮನೆಯಲ್ಲಿ. ಅಮ್ಮ ಊರಿಂದ ಬಂದಿದ್ದರು, ಮುದ್ದೆ ತೊಳಸುತ್ತಿದ್ದರು. "ಹಿಟ್ಟು ಬೆಂದು ಗಟ್ಟಿಯಾಗಿದ್ದು ಹೆಂಗೆ ಗೊತ್ತಾಗುತ್ತಮ್ಮ?" ಎಂದೆ. "ನೋಡಿದ್ರೆ ಏನು ಗೊತ್ತಾಗುತ್ತೋ, ಕೋಲು ಹೇಳುತ್ತೆ" ಎಂದರು. ಕೈಗೆ ಕೋಲು ಬಿಗಿಯಾಯಿತೋ, ಮುದ್ದೆ ಆಯಿತು.

ಸಿಮೆಂಟ್, ಧಾನ್ಯದ ಸೈಲೋಗಳಲ್ಲಿ ಎಷ್ಟೋ ಕಾಲದಿಂದ ಇರುವುದು ಇದೇ. ಮೇಲಿನಿಂದ ಇಳಿಬಿಟ್ಟ ಸಣ್ಣ ಹುಟ್ಟು ಮೆಲ್ಲಗೆ ತಿರುಗುತ್ತಿರುತ್ತದೆ. ಸರಕು ಏರಿ ಬಂದು ಅದನ್ನು ತಡೆದು ನಿಲ್ಲಿಸಿದರೆ ತುಂಬಿತು ಎಂದರ್ಥ. ಅದಕ್ಕೆ ಕಣ್ಣಿಲ್ಲ, ಆದ್ದರಿಂದ ಹುಡಿ ಅದನ್ನು ಕುರುಡು ಮಾಡಲಾರದು. 12 ವೋಲ್ಟಿನ, ನಿಮಿಷಕ್ಕೆ ಹತ್ತು ಸುತ್ತಿನ ಗೇರ್ ಮೋಟರ್ ತಂದೆ. ಮೋಟರ್ ಮುಚ್ಚಳದ ಹೊರಗೆ, ಕಡ್ಡಿ ಮಾತ್ರ ರಬ್ಬರ್ ಸೀಲ್ ದಾಟಿ ಒಳಗೆ. ಗಾಳಿಯಲ್ಲಿ ದಟ್ಟವಾಗಿ ತೇಲುವ ಮರದ ಹುಡಿಗೆ ಒಂದು ಕಿಡಿ ಸಾಕು, ಸಿಡಿಯುತ್ತದೆ. ಈ ಮೋಟರಿನ ಬ್ರಷ್‌ನಲ್ಲಿ ಕಿಡಿ ಹಾರುವುದು ಸಹಜ. ಆದ್ದರಿಂದ ಡ್ರಮ್ಮಿನೊಳಗೆ ವಿದ್ಯುತ್ತಿನ ಯಾವ ಭಾಗವೂ ಇರಕೂಡದು. ಡ್ರಮ್ಮಿಗೂ ಪೈಪುಗಳಿಗೂ ಅರ್ಥಿಂಗ್ ಮಾಡಿಸಿದೆವು.

ಹುಟ್ಟು ಸರಾಗವಾಗಿ ತಿರುಗುವಾಗ ಮೋಟರ್ ಎಳೆಯುವ ಕರೆಂಟ್ ಕಡಿಮೆ, ತಡೆದಾಗ ನಾಲ್ಕೈದು ಪಟ್ಟು. ಒಂದು ಆರ್ಡುಯಿನೋ ಅದನ್ನು ಗಮನಿಸುತ್ತದೆ. ಐದು ಸೆಕೆಂಡ್ ಪೂರ್ತಿ ಬಿಗಿ ಇದ್ದರೆ ಮಾತ್ರ ನಂಬುತ್ತದೆ. ಒಂದು ಚಕ್ಕೆ ಸಿಕ್ಕಿಕೊಂಡ ಮಾತ್ರಕ್ಕೆ ಕೂಗುವುದಿಲ್ಲ. ನಂತರ ಮೋಟರ್ ಸುಡದಂತೆ ನಿಲ್ಲಿಸಿ, ಅರ್ಧ ನಿಮಿಷಕ್ಕೊಮ್ಮೆ ತಿರುಗಿಸಿ ನೋಡುತ್ತದೆ. ತಿರುಗಿಸಿದಾಗ ಕರೆಂಟ್ ಸೊನ್ನೆ ಎಂದರೆ ತಂತಿ ಕಡಿದಿದೆ, ಆಗಲೂ ದೀಪ ಮಿನುಗುತ್ತದೆ. ಕೆಟ್ಟುಹೋದ ಸೆನ್ಸರ್ "ಎಲ್ಲ ಸರಿ ಇದೆ" ಎಂದು ನಂಬಿಸಬಾರದಲ್ಲ.

ಅಷ್ಟಾದ ಮೇಲೆ ಗೊತ್ತಾದದ್ದು, ಪ್ಲೇನರ್ ಓಡುವಾಗ ಪೀಪಿ ಯಾರಿಗೂ ಕೇಳುವುದೇ ಇಲ್ಲ ಎಂದು. ನಮ್ಮ ಹಾಲ್‌ನಲ್ಲಿ ಕೂತು ಪರೀಕ್ಷಿಸಿದ್ದೆನಲ್ಲ. ಹಾಗಾಗಿ ತುಂಬಿದರೆ ಪ್ಲೇನರೇ ನಿಲ್ಲುವಂತೆ ಎಲೆಕ್ಟ್ರಿಷಿಯನ್ ಕೈಲಿ ಸ್ಟಾರ್ಟರಿಗೆ ಜೋಡಿಸಿದೆವು. ಎರಡು ವಾರ ಬಿಟ್ಟು ಹೋಗಿ ನೋಡಿದರೆ ನನ್ನ ರಿಲೇಯ ಎರಡು ಕಾಲಿಗೆ ಅಡ್ಡಲಾಗಿ ಒಂದು ತುಂಡು ತಂತಿ. ಸೆನ್ಸರ್ ಬೊಬ್ಬೆ ಹೊಡೆದರೂ ಮೆಷಿನ್ ನಿಲ್ಲದು.

ನನಗೆ ಸಿಟ್ಟೇ ಬಂತು. ಆಚಾರ್ರು ಮೆಲ್ಲಗೆ ಹೇಳಿದರು: "ಬೇಜಾರ್ ಮಾಡ್ಕಬೇಡ ತಮಾ. ಹಲಗೆ ಅರ್ಧ ಹೋದಾಗ ಮೆಷಿನ್ ನಿಂತ್ರೆ ತೇಗದ ಮೇಲೆ ಅಡ್ಡ ಗೀರು ಬೀಳ್ತದೆ. ಆ ಹಲಗೆ ಯಾರ ಲೆಕ್ಕಕ್ಕೆ? ನಿನ್ನ ಯಂತ್ರಕ್ಕೆ ಡ್ರಮ್ ಗೊತ್ತು, ಕೆಲಸ ಗೊತ್ತಿಲ್ಲ."

ಮಾತು ನಿಜ. ಆಫೀಸಿನಲ್ಲಿ ಇದೇ ತಪ್ಪನ್ನು ಬೇರೆಯವರು ಮಾಡಿದಾಗ ನಾನು ಮೀಟಿಂಗ್‌ನಲ್ಲಿ ಭಾಷಣ ಬಿಗಿದಿದ್ದೇನೆ. ಎಚ್ಚರಿಕೆ ಕೊಟ್ಟ ಮೇಲೆ ಏನಾದರೂ ಮಾಡಲು ಮನುಷ್ಯನಿಗೆ ಸಮಯವೂ ಬೇಕು, ದಾರಿಯೂ ಬೇಕು. ಎರಡೂ ಕೊಡದೆ ಕುತ್ತಿಗೆ ಹಿಡಿದರೆ ಅವನು ತಂತಿ ಹುಡುಕುತ್ತಾನೆ.

ಈ ಸಲ ಮೂವರೂ ಕೂತು ಯೋಚಿಸಿದೆವು, ಹುಡುಗನೂ ಸೇರಿ. ಈಗ ಮುಚ್ಚಳದಲ್ಲಿ ಎರಡು ಹುಟ್ಟುಗಳಿವೆ. ಉದ್ದನೆಯದು ಡ್ರಮ್ ಮುಕ್ಕಾಲು ತುಂಬಿದಾಗ ತಡೆಯುತ್ತದೆ, ಪ್ಲೇನರಿನ ಎದುರಿನ ಕಂಬದಲ್ಲಿ ಹಳದಿ ದೀಪ ಹತ್ತುತ್ತದೆ. ಅಲ್ಲಿಂದ ಇನ್ನೂ ಹತ್ತು ಹಲಗೆ ಓಡಿಸಲು ಅವಕಾಶ. ಗಿಡ್ಡನೆಯದು ಪೂರ್ತಿ ತುಂಬಿದಾಗ ಕೆಂಪು ದೀಪ ಹತ್ತಿಸುತ್ತದೆ. ರಿಲೇಯನ್ನು ಸ್ಟಾರ್ಟರಿನ ಹಸಿರು ಬಟನ್ನಿನ ದಾರಿಗೆ ಮಾತ್ರ ಹಾಕಿದ್ದೇವೆ. ಓಡುತ್ತಿರುವ ಮೆಷಿನ್ ನಿಲ್ಲುವುದಿಲ್ಲ. ಆದರೆ ಒಮ್ಮೆ ಕೈಯಾರೆ ನಿಲ್ಲಿಸಿದ ಮೇಲೆ ಡ್ರಮ್ ಖಾಲಿ ಮಾಡದೆ ಮತ್ತೆ ಶುರುವಾಗದು. ಹೊಟ್ಟನ್ನು ಚೀಲಕ್ಕೆ ಸುರಿಯುವಾಗ ಹಾಕಿಕೊಳ್ಳಲು ಹುಡುಗನಿಗೆ ಒಳ್ಳೆಯ ಮಾಸ್ಕ್ ತರಿಸಿದ್ದೇವೆ. ಅದನ್ನು ನೇತುಹಾಕುವ ಮೊಳೆ ಡ್ರಮ್ಮಿನ ಪಕ್ಕದಲ್ಲೇ ಇದೆ.

ಮಳೆಗಾಲ ಕಳೆಯಿತು. ತುಂಡು ತಂತಿ ಮತ್ತೆ ಕಾಣಿಸಿಕೊಂಡಿಲ್ಲ. ಶೆಡ್ಡಿನಲ್ಲಿ ಹುಡಿ ಇಲ್ಲವೆಂದು ನಾನು ಹೇಳಲಾರೆ. ಕಣ್ಣಿಗೆ ಕಾಣದ ನುಣುಪು ಹುಡಿಯನ್ನು ಆ ಹಳೆಯ ಫಿಲ್ಟರ್ ಎಷ್ಟು ಹಿಡಿಯುತ್ತದೋ, ಅದನ್ನು ಬದಲಿಸುವುದೇ ಮುಂದಿನ ಕೆಲಸ. ಆಚಾರ್ರ ಕೆಮ್ಮೂ ಹಾಗೇ ಇದೆ. ಮೂವತ್ತು ವರ್ಷದ್ದನ್ನು ಎರಡು ದೀಪ ತೆಗೆಯಲಾರವು. ಎಕ್ಸ್‌ರೇ ತೆಗೆಸಿ ಎಂದು ಹೇಳುತ್ತಲೇ ಇದ್ದೇನೆ. ದೀಪಾವಳಿ ಆರ್ಡರ್ ಮುಗೀಲಿ ಎನ್ನುತ್ತಲೇ ಇದ್ದಾರೆ.

ಆದರೆ ಹುಡುಗ ಈಗ ಮುಚ್ಚಳ ತೆಗೆದು ಇಣುಕುವುದಿಲ್ಲ. ಕಳೆದ ಶನಿವಾರ ನಾನು ಅಲ್ಲಿದ್ದಾಗ ಹಳದಿ ದೀಪ ಹತ್ತಿತು. ಅವನು ಕೈಯಲ್ಲಿದ್ದ ಹಲಗೆ ಮುಗಿಸಿ, ಮೆಷಿನ್ ಆರಿಸಿ, ಮೊಳೆಯ ಮೇಲಿನ ಮಾಸ್ಕ್ ತೆಗೆದುಕೊಂಡ.

"ಸಚ್ ಬೋಲ್ತಾ ಹೈ ಕ್ಯಾ?" ಎಂದೆ.

"ಅಬ್ ತಕ್ ತೋ" ಎಂದ.