ಪಾಸ್‌ಪೋರ್ಟಿನ ಕೊನೆಯ ದಿನಾಂಕ

ಮೂರು ದಶಕ ಗಣಿತ ಬೋಧಿಸಿದ ನನಗೇ ಒಂದು ಸರಳ ಲೆಕ್ಕ ತಪ್ಪಿತು. 2019ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿರುವ ಮಗನ ಮನೆಗೆ ಹೋಗಿ, ಹಿಂದಿರುಗುವಾಗ ಜೂನ್ 10ರಂದು ಸಿಂಗಪುರದ ಮಗಳ ಮನೆಯಲ್ಲಿ ಇಳಿಯುವುದೆಂದು ನಾವು ದಂಪತಿಗಳು ನಿಶ್ಚಯಿಸಿದ್ದೆವು. ನಮ್ಮಿಬ್ಬರ ಪಾಸ್‌ಪೋರ್ಟುಗಳೂ ನವೆಂಬರ್ 2ರವರೆಗೆ ಊರ್ಜಿತವಾಗಿದ್ದವು. ಧಾರಾಳವಾಯಿತೆಂದು ಭಾವಿಸಿದೆ.

ಜರ್ಮನಿಗೆ ಅದು ಸಾಕಾಯಿತು. ಷೆಂಗೆನ್ ದೇಶಗಳು ತಮ್ಮ ಗಡಿ ಬಿಡುವ ದಿನದಿಂದ ಮುಂದಕ್ಕೆ ಮೂರು ತಿಂಗಳ ಅವಧಿಯನ್ನು ಕೇಳುತ್ತವೆ. ಸಿಂಗಪುರವಾದರೋ ಆರು ತಿಂಗಳು ಕೇಳುತ್ತದೆ. ಆ ದೇಶದ ವೀಸಾ ಅರ್ಜಿ ತುಂಬುವಾಗಲೇ ಈ ಸಂಗತಿ ತಿಳಿದದ್ದು. ಹೊರಡಲು ಉಳಿದಿದ್ದುದು ಒಂದೇ ವಾರ. ಮಗಳ ಮನೆಯ ಭೇಟಿಯನ್ನು ಕೈಬಿಡಬೇಕಾಯಿತು. ಅವಳಿಗಾಗಿ ಕಟ್ಟಿಟ್ಟಿದ್ದ ಚಟ್ನಿಪುಡಿಯ ಡಬ್ಬಿಯನ್ನು ನನ್ನಾಕೆ ಮಾತಿಲ್ಲದೆ ಪೆಟ್ಟಿಗೆಯಿಂದ ಹೊರತೆಗೆದಳು.

ಮಕ್ಕಳು ಟಿಕೆಟ್ ತೆಗೆಯುತ್ತಾರೆ, ಏಜೆಂಟರು ವೀಸಾ ಮಾಡಿಸುತ್ತಾರೆ ಎಂದು ಹಿರಿಯರಾದ ನಾವು ನಿಶ್ಚಿಂತರಾಗಿರುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಹಲವು ದೇಶಗಳ ಪ್ರವಾಸದಲ್ಲಿ ಅತ್ಯಂತ ಕಟ್ಟುನಿಟ್ಟಾದ ದೇಶದ ನಿಯಮವನ್ನೇ ಇಡೀ ಪ್ರವಾಸದ ನಿಯಮವೆಂದು ತಿಳಿಯಬೇಕು. ಕೊನೆಯ ದೇಶವನ್ನು ಬಿಡುವ ದಿನಕ್ಕೆ ಆರು ತಿಂಗಳು ಕೂಡಿಸಿ ನೋಡಬೇಕು. ಖಾಲಿ ಪುಟಗಳನ್ನೂ ಎಣಿಸಬೇಕು. ಷೆಂಗೆನ್ ವೀಸಾಕ್ಕೇ ಎರಡು ಬೇಕು. ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮೊದಲೇ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಸಲ್ಲಿಸಲು ನಮ್ಮಲ್ಲಿ ಅವಕಾಶವಿದೆ. ಟಿಕೆಟ್ ಕೊಳ್ಳುವ ಮೊದಲೇ ಆ ಕೆಲಸವಾಗಲಿ.

ಓದುಗ ಮಿತ್ರರು ಇಂದೇ ಬೀರು ತೆರೆದು ತಮ್ಮ ಪಾಸ್‌ಪೋರ್ಟನ್ನು ಒಮ್ಮೆ ನೋಡುವರೆಂದು ನಂಬಿದ್ದೇನೆ.