ಸೇನಾವೃತ್ತಿಯೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಗೃಹಸ್ಥರಲ್ಲಿ ಒಂದು ಮಾತು ಬಹುಕಾಲದಿಂದ ಬಳಕೆಯಲ್ಲಿದೆ. “ಹೆಣ್ಣುಮಕ್ಕಳಿಗೆ ಸೈನ್ಯದ ಉದ್ಯೋಗದಲ್ಲಿ ಅಭಿರುಚಿಯಿಲ್ಲ, ಅದು ಅವರ ಪ್ರಕೃತಿಗೆ ಒಗ್ಗತಕ್ಕದ್ದಲ್ಲ” ಎಂಬುದೇ ಆ ಮಾತು. ಇದನ್ನು ಹೇಳುವವರು ಅವಿದ್ಯಾವಂತರಲ್ಲ. ಮಗಳನ್ನು ಇಂಜಿನಿಯರಿಂಗ್ ಕಾಲೇಜಿಗೆ ಸೇರಿಸಿ, ಅವಳು ಉದ್ಯೋಗಕ್ಕಾಗಿ ಸಮುದ್ರ ದಾಟಿದರೂ ಸಂತೋಷದಿಂದ ಬೀಳ್ಕೊಡುವ ವಿದ್ಯಾವಂತರೇ ಇದನ್ನು ಹೇಳುತ್ತಾರೆ. ಬಹುಜನರು ಬಹುದಿನದಿಂದ ಹೇಳುತ್ತ ಬಂದ ಮಾತ್ರಕ್ಕೆ ಒಂದು ಮಾತು ನಿಜವಾಗುವುದಾದರೆ ಲೋಕದಲ್ಲಿ ವಿಚಾರಕ್ಕೆ ಕೆಲಸವೇ ಇರುತ್ತಿರಲಿಲ್ಲ. ಈ ಮಾತು ನಿಜವಲ್ಲವೆಂದೂ, ಇದರ ಮರೆಯಲ್ಲಿ ನಾವು ನಮ್ಮದೇ ಆದ ಅಂಜಿಕೆಯನ್ನು ಮಕ್ಕಳ ತಲೆಗೆ ಕಟ್ಟುತ್ತಿರುವೆವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಬೆಂಗಳೂರಿನ ಉತ್ತರಭಾಗದಲ್ಲಿ ವಾಸಿಸುವ ನಮಗೆ ಸೈನ್ಯವೆಂಬುದು ದೂರದ ವಾರ್ತೆಯಲ್ಲ. ಯಲಹಂಕದಲ್ಲಿ ವಾಯುಪಡೆಯ ನೆಲೆಯಿದೆ. ಸಾರಿಗೆ ವಿಮಾನಗಳ ಚಾಲಕರು ಅಲ್ಲಿಯೇ ಶಿಕ್ಷಣ ಪಡೆಯುತ್ತಾರೆ. ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು ಇದೆ. ಆರ್.ಟಿ. ನಗರದ ನೆರೆಯ ಜೆ.ಸಿ. ನಗರದಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ ಶಿಕ್ಷಣಕೇಂದ್ರವಿದೆ. ಕೇಂದ್ರ ಮೀಸಲು ಪೊಲೀಸ್ ಪಡೆಯೂ ಗಡಿ ಭದ್ರತಾ ಪಡೆಯೂ ಯಲಹಂಕದಲ್ಲಿ ಬೀಡುಬಿಟ್ಟಿವೆ. ೧೯೯೬ರಿಂದ ಎರಡು ವರ್ಷಕ್ಕೊಮ್ಮೆ ವೈಮಾನಿಕ ಪ್ರದರ್ಶನ ನಡೆಯುವಾಗ ಹೆಬ್ಬಾಳದಿಂದ ಯಲಹಂಕದವರೆಗೆ ಜನರಿಲ್ಲದ ಮಹಡಿಯೇ ಕಾಣದು. ಮಗನನ್ನೂ ಮಗಳನ್ನೂ ಒಂದೇ ಮಹಡಿಯ ಮೇಲೆ ನಿಲ್ಲಿಸಿ ಒಂದೇ ವಿಮಾನವನ್ನು ತೋರಿಸುತ್ತೇವೆ. ಆದರೆ “ನೀನೂ ದೊಡ್ಡವನಾದ ಮೇಲೆ ಇದನ್ನು ಹಾರಿಸುವೆಯಾ?” ಎಂಬ ಪ್ರಶ್ನೆಯನ್ನು ಮಗನಿಗೆ ಮಾತ್ರ ಹಾಕುತ್ತೇವೆ. ಕೇಳದ ಪ್ರಶ್ನೆಗೆ ಉತ್ತರ ಬರಲಿಲ್ಲವೆಂದು ಮಗಳಿಗೆ ಅಭಿರುಚಿಯಿಲ್ಲವೆಂದು ತೀರ್ಪು ಕೊಡುವುದು ಯಾವ ನ್ಯಾಯ?

ಅಭಿರುಚಿಯ ಪ್ರಶ್ನೆಗೆ ಅಂಕಿಗಳೇ ಉತ್ತರ ಹೇಳಲಿ. ೨೦೧೯ರಲ್ಲಿ ನಮ್ಮ ಭೂಸೇನೆಯು ಮೊಟ್ಟಮೊದಲ ಬಾರಿಗೆ ಸ್ತ್ರೀಯರನ್ನು ಸಿಪಾಯಿಗಳ ದರ್ಜೆಯಲ್ಲಿ, ಸೇನಾ ಪೊಲೀಸ್ ದಳಕ್ಕೆ, ತೆಗೆದುಕೊಳ್ಳಲು ಮುಂದಾಯಿತು. ಸ್ಥಾನಗಳು ೧೦೦, ಬಂದ ಅರ್ಜಿಗಳು ಸುಮಾರು ೨ ಲಕ್ಷ. ಆಯ್ಕೆ ನಡೆದ ಕೆಲವೇ ಊರುಗಳಲ್ಲಿ ನಮ್ಮ ಬೆಳಗಾವಿಯೂ ಒಂದು. ಆಯ್ಕೆಯಾದವರಿಗೆ ಶಿಕ್ಷಣ ದೊರೆತದ್ದು ಬೆಂಗಳೂರಿನಲ್ಲಿ. ೬೧ ವಾರಗಳ ಕಠಿಣ ಶಿಕ್ಷಣವನ್ನು ಮುಗಿಸಿ ೮೩ ಮಂದಿ ತರುಣಿಯರು ೨೦೨೧ರ ಮೇ ೮ರಂದು ಈ ನಗರದಲ್ಲಿಯೇ ಕವಾಯತು ನಡೆಸಿ ಸೇನೆಗೆ ಸೇರಿದರು. ಸಾಂಕ್ರಾಮಿಕದ ಭಯದಿಂದ ಊರೆಲ್ಲ ಬಾಗಿಲಿಕ್ಕಿಕೊಂಡಿದ್ದ ದಿನಗಳವು. ಆದುದರಿಂದ ನಮ್ಮಲ್ಲಿ ಅನೇಕರು ಈ ಸಂಗತಿಯನ್ನು ಗಮನಿಸಲೇ ಇಲ್ಲ.

ಅದೇ ವರ್ಷ ಆಗಸ್ಟ್ ೧೮ರಂದು ಸರ್ವೋಚ್ಚ ನ್ಯಾಯಾಲಯವು, ಪುಣೆಯ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆಗೆ ಹೆಣ್ಣುಮಕ್ಕಳೂ ಕುಳಿತುಕೊಳ್ಳಬಹುದೆಂದು ಆಜ್ಞೆ ಮಾಡಿತು. ಪರೀಕ್ಷೆ ನವೆಂಬರಿನಲ್ಲಿ. ನಡುವೆ ಉಳಿದದ್ದು ಮೂರು ತಿಂಗಳಿಗಿಂತ ಕಡಿಮೆ. ಅಷ್ಟರಲ್ಲಿಯೇ ೧ ಲಕ್ಷ ೭೭ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಅರ್ಜಿ ಹಾಕಿದರು. ಅವರಿಗಾಗಿ ಇದ್ದ ಸ್ಥಾನಗಳು ೧೯! ಆ ಮೊದಲ ತಂಡದ ೧೭ ಮಂದಿ ೨೦೨೫ರ ಮೇ ೩೦ರಂದು ಅಕಾಡೆಮಿಯಿಂದ ಉತ್ತೀರ್ಣರಾಗಿ ಹೊರಬಂದರು. ವಾಚಕರು ದಯವಿಟ್ಟು ಯೋಚಿಸಬೇಕು. ಬಾಗಿಲು ತೆರೆದ ಕೂಡಲೆ ಇಷ್ಟು ಜನ ಒಳಗೆ ಬರಲು ನಿಂತಿದ್ದರೆಂದರೆ, ಅವರು ಅದುವರೆಗೆ ಹೊರಗಿದ್ದದ್ದು ಅಭಿರುಚಿಯ ಅಭಾವದಿಂದಲೋ, ಬಾಗಿಲು ಮುಚ್ಚಿದ್ದರಿಂದಲೋ?

ಹಾಗಾದರೆ ಹಿಂದೆ ತೆರೆದಿದ್ದ ಬಾಗಿಲುಗಳಲ್ಲಿ ಏಕೆ ನೂಕುನುಗ್ಗಲಾಗಲಿಲ್ಲವೆಂದು ಕೇಳಬಹುದು. ಕಾರಣ ಸ್ಪಷ್ಟವಾಗಿದೆ. ೧೯೯೨ರಲ್ಲಿ ಭೂಸೇನೆಯು ಸ್ತ್ರೀಯರನ್ನು ಅಧಿಕಾರಿಗಳನ್ನಾಗಿ ಕರೆದಾಗ ಕೊಟ್ಟ ಅವಧಿ ೫ ವರ್ಷ. ಅದು ಕ್ರಮೇಣ ಬೆಳೆದು ೧೪ ವರ್ಷಕ್ಕೆ ಬಂದು ನಿಂತಿತು. ಅಧಿಕಾರಿಗೆ ನಿವೃತ್ತಿವೇತನ ದೊರೆಯಬೇಕಾದರೆ ೨೦ ವರ್ಷದ ಸೇವೆ ಬೇಕು. ಎಂದರೆ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸೇರಿದ ಹೆಣ್ಣುಮಗಳೊಬ್ಬಳು ತನ್ನ ಯೌವನವನ್ನೆಲ್ಲ ದೇಶಕ್ಕೆ ಕೊಟ್ಟು, ಮೂವತ್ತಾರನೆಯ ವಯಸ್ಸಿನಲ್ಲಿ ನಿವೃತ್ತಿವೇತನವಿಲ್ಲದೆ ಹೊಸ ಉದ್ಯೋಗವನ್ನು ಹುಡುಕಿಕೊಂಡು ಹೊರಡಬೇಕಾಗಿತ್ತು. ಜೊತೆಯಲ್ಲಿ ಸೇರಿದ ಗಂಡಸಿಗೆ ಖಾಯಂ ಸೇವೆಯನ್ನು ಬೇಡುವ ಹಕ್ಕುಂಟು. ಬಹುಮಟ್ಟಿನ ಶಾಖೆಗಳಲ್ಲಿ ಆಕೆಗೆ ಅದಿರಲಿಲ್ಲ. ಇಂತಹ ಉದ್ಯೋಗವನ್ನು ಯಾವ ತಂದೆ ಮಗನಿಗೆ ಶಿಫಾರಸು ಮಾಡಿಯಾನು? ಮಗನಿಗೆ ಒಪ್ಪದ ಕರಾರನ್ನು ಮಗಳಿಗೆ ಕೊಟ್ಟು, ಆಕೆ ಹಿಂಜರಿದರೆ ಹೆಣ್ಣಿನ ಪ್ರಕೃತಿಯನ್ನು ದೂರುವುದು ಬುದ್ಧಿವಂತರ ಲಕ್ಷಣವಲ್ಲ.

ಈ ಕರಾರು ಬದಲಾದದ್ದು ದಾಕ್ಷಿಣ್ಯದಿಂದಲ್ಲ, ವ್ಯಾಜ್ಯದಿಂದ. ೨೦೧೦ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ಸ್ತ್ರೀಯರ ಪರವಾಗಿ ತೀರ್ಪಿತ್ತಿತು. ಸರ್ಕಾರವು ಮೇಲ್ಮನವಿಗೆ ಹೋಯಿತು. ಗ್ರಾಮಾಂತರದಿಂದ ಬಂದ ಸಿಪಾಯಿಗಳು ಹೆಣ್ಣಿನ ಆಜ್ಞೆಗೆ ಒಳಪಡಲು ಇನ್ನೂ ಮನಸ್ಸಿನಲ್ಲಿ ಸಿದ್ಧರಾಗಿಲ್ಲವೆಂಬ ವಾದವೂ ಅಲ್ಲಿ ಬಂದಿತು. ೨೦೨೦ರ ಫೆಬ್ರವರಿ ೧೭ರಂದು ಬಬಿತಾ ಪುನಿಯಾ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂತಹ ವಾದಗಳನ್ನು ತಳ್ಳಿಹಾಕಿ ಖಾಯಂ ಸೇವೆಯ ಹಕ್ಕನ್ನು ಎತ್ತಿಹಿಡಿಯಿತು. ಆಗ ಭೂಸೇನೆಯಲ್ಲಿದ್ದ ಸ್ತ್ರೀ ಅಧಿಕಾರಿಗಳು ೧೬೫೩, ನೂರಕ್ಕೆ ನಾಲ್ವರು. ಅಷ್ಟಕ್ಕೆ ಕಷ್ಟ ತೀರಲಿಲ್ಲ. ಗಂಡಸರಿಗೆ ೫ನೆಯ ಅಥವಾ ೧೦ನೆಯ ವರ್ಷದ ಸೇವೆಯಲ್ಲಿ ಹಿಡಿಯುವ ದೇಹಸ್ಥಿತಿಯ ಅಳತೆಯನ್ನು, ಹಕ್ಕು ತಡವಾಗಿ ಬಂದುದರಿಂದ ನಡುವಯಸ್ಸನ್ನು ಮುಟ್ಟಿದ್ದ ಹೆಂಗಸರಿಗೆ ಹಿಡಿಯಲಾಯಿತು. ೨೦೨೧ರ ಮಾರ್ಚಿನಲ್ಲಿ ನ್ಯಾಯಾಲಯವು ಅದನ್ನೂ ಅನ್ಯಾಯವೆಂದಿತು. ದೇವರು ವರ ಕೊಟ್ಟರೂ ಪೂಜಾರಿ ಬಿಡನೆಂಬ ಗಾದೆಗೆ ಬೇರೆ ನಿದರ್ಶನ ಬೇಕೆ?

ಇನ್ನು ಆಕ್ಷೇಪಗಳು. ಮೊದಲನೆಯದು ದೇಹಬಲದ್ದು. ಹೆಣ್ಣಿನ ದೇಹವು ಈ ಶ್ರಮವನ್ನು ತಡೆಯಲಾರದೆನ್ನುವವರು ಕನ್ನಡನಾಡಿನಲ್ಲಿಯೇ ನಡೆದಿರುವ ಸಂಗತಿಗಳನ್ನು ತಿಳಿದಿರಬೇಕು. ೨೦೧೬ರ ಜೂನಿನಲ್ಲಿ ವಾಯುಪಡೆಯ ಮೊದಲ ಯುದ್ಧವಿಮಾನ ಚಾಲಕಿಯರಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ಮುಂದಿನ ಶಿಕ್ಷಣವನ್ನು ಪಡೆದದ್ದು ನಮ್ಮ ಬೀದರಿನ ನೆಲೆಯಲ್ಲಿ, ಹಾಕ್ ವಿಮಾನಗಳ ಮೇಲೆ. ಚಿಕ್ಕಮಗಳೂರು ಜಿಲ್ಲೆಯ ಮರ್ಲೆ ಎಂಬ ಹಳ್ಳಿಯ ಮೇಘನಾ ಶಾನಭೋಗರು ೨೦೧೮ರಲ್ಲಿ ಅದೇ ವರ್ಗಕ್ಕೆ ಸೇರಿದರು. ದಕ್ಷಿಣಭಾರತದಿಂದ ಅವರೇ ಮೊದಲನೆಯವರು. ೨೦೨೩ರ ಡಿಸೆಂಬರಿನಲ್ಲಿ ಬೆಳಗಾವಿಯ ಸಾಂಬ್ರಾದಿಂದ ೧೫೩ ಮಂದಿ ತರುಣಿಯರು ವಾಯುಪಡೆಯ ಅಗ್ನಿವೀರರಾಗಿ ಹೊರಬಂದರು. ಎಲ್ಲ ಹೆಂಗಸರೂ ಈ ಕೆಲಸಕ್ಕೆ ತಕ್ಕವರೆಂದು ನಾವು ಹೇಳುವುದಿಲ್ಲ. ಎಲ್ಲ ಗಂಡಸರೂ ತಕ್ಕವರಲ್ಲ. ತಕ್ಕವರನ್ನು ಆರಿಸುವುದಕ್ಕಾಗಿಯೇ ಪರೀಕ್ಷೆ ಇರುವುದು. ಪರೀಕ್ಷೆಗೆ ಮೊದಲೇ ಫಲಿತಾಂಶವನ್ನು ಪ್ರಕಟಿಸುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ಎರಡನೆಯ ಆಕ್ಷೇಪವೇ ನಿಜವಾದದ್ದು. ಉಳಿದವೆಲ್ಲ ಅದಕ್ಕೆ ಹಾಕಿದ ಬೇಲಿ. “ಮದುವೆಯ ಗತಿಯೇನು? ವರ್ಷ ಎರಡು ವರ್ಷಕ್ಕೆ ವರ್ಗವಾದರೆ ಸಂಸಾರ ಹೇಗೆ?” ಎಂದು ಕೇಳುತ್ತಾರೆ. ಹೀಗೆ ಕೇಳುವ ಮನೆಗಳಲ್ಲಿಯೇ ಸೇನಾಧಿಕಾರಿಯು ವರನಾಗಿ ಬಂದರೆ ಆಗುವ ಸಂಭ್ರಮವನ್ನು ಎಲ್ಲರೂ ಬಲ್ಲರು. ಶಿಸ್ತಿನ ಹುಡುಗ, ಸರ್ಕಾರದ ಬಂಗಲೆ, ಸಮಾಜದಲ್ಲಿ ಮರ್ಯಾದೆ ಎಂದು ಹತ್ತು ಮನೆಗೆ ಹೇಳಿಕೊಂಡು ಬರುತ್ತಾರೆ. ಆ ಹುಡುಗನಿಗೆ ವರ್ಗವಾಗುವುದಿಲ್ಲವೆ? ಅವನ ಹೆಂಡತಿಯಾದ ನಮ್ಮ ಮಗಳು ಜೋಧಪುರಕ್ಕೂ ತೇಜಪುರಕ್ಕೂ ಪೆಟ್ಟಿಗೆ ಕಟ್ಟುವುದಿಲ್ಲವೆ? ಅವನು ಗಡಿಗೆ ಹೋದಾಗ ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ದಿನ ನೂಕುವುದಿಲ್ಲವೆ? ಸೇನಾಜೀವನದ ಕಷ್ಟವನ್ನೆಲ್ಲ ಮಗಳು ಪಡಬಹುದು. ಅದರ ಸಂಬಳ, ಪದವಿ, ಅಧಿಕಾರಗಳು ಮಾತ್ರ ಆಕೆಯದಾಗಬಾರದು! ಅಳಿಯನಾಗಿ ಬೇಕಾದ ಕರ್ನಲ್ ಮಗಳಾಗಿ ಬೇಡವೆಂಬ ಈ ನೀತಿಗೆ ಯಾವ ಶಾಸ್ತ್ರದ ಆಧಾರವಿದೆಯೋ ತಿಳಿಯದು.

ಮದುವೆಯ ವಿಷಯದಲ್ಲಿ ಸರ್ಕಾರವೂ ನಿರ್ದೋಷಿಯಲ್ಲ. ಸೇನಾ ಶುಶ್ರೂಷಾ ದಳದ ಅಧಿಕಾರಿಣಿಯೊಬ್ಬರನ್ನು ೧೯೮೮ರಲ್ಲಿ, ಮದುವೆಯಾದ ಕಾರಣಕ್ಕೆ, ಸೇವೆಯಿಂದ ಬಿಡಿಸಲಾಯಿತು. ೧೯೭೭ರ ಒಂದು ನಿಬಂಧನೆಯು ಹಾಗೆ ಹೇಳುತ್ತಿತ್ತು. ೧೯೯೫ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಆದರೆ ಸೆಲೀನಾ ಜಾನ್ ಎಂಬ ಆ ಮಹಿಳೆಗೆ ಸರ್ವೋಚ್ಚ ನ್ಯಾಯಾಲಯದಿಂದ ೬೦ ಲಕ್ಷ ರೂಪಾಯಿ ಪರಿಹಾರದ ಆಜ್ಞೆ ದೊರೆತದ್ದು ೨೦೨೪ರ ಫೆಬ್ರವರಿಯಲ್ಲಿ, ೩೬ ವರ್ಷಗಳ ಮೇಲೆ. ಮದುವೆಯಾದ ಗಂಡಸು ಜವಾಬ್ದಾರಿಯುಳ್ಳವನಾಗುತ್ತಾನೆಂದೂ, ಮದುವೆಯಾದ ಹೆಂಗಸು ಕೆಲಸಕ್ಕೆ ಬಾರದವಳಾಗುತ್ತಾಳೆಂದೂ ನಂಬಿದ್ದ ಕಾಲದ ನಿಬಂಧನೆಯದು. ಈಗ ಹೆರಿಗೆಯ ರಜೆ, ಮಕ್ಕಳ ಪೋಷಣೆಯ ರಜೆಗಳು ಅಧಿಕಾರಿಣಿಯರಿಗೆ ಮಾತ್ರವಲ್ಲದೆ ಸಿಪಾಯಿ ದರ್ಜೆಯ ಸ್ತ್ರೀಯರಿಗೂ ಸಮನಾಗಿ ಸಲ್ಲಬೇಕೆಂದು ೨೦೨೩ರ ನವೆಂಬರಿನಲ್ಲಿ ರಕ್ಷಣಾ ಸಚಿವಾಲಯವು ಒಪ್ಪಿದೆ. ಸರ್ಕಾರದ ಪುಸ್ತಕದಿಂದ ಆ ಹಳೆಯ ನಿಬಂಧನೆ ಹೋಯಿತು. ನಮ್ಮ ಮನೆಗಳ ಪುಸ್ತಕದಲ್ಲಿ ಅದು ಇನ್ನೂ ಹಾಗೆಯೇ ಇದೆ.

ಮೂರನೆಯದು ಅಪಾಯದ ಭಯ. ಇದನ್ನು ಲಘುವಾಗಿ ಕಾಣಬಾರದು. ೨೦೦೮ರ ನವೆಂಬರಿನಲ್ಲಿ ಮುಂಬಯಿಯ ತಾಜ್ ಹೋಟೆಲಿನಲ್ಲಿ ಪ್ರಾಣವನ್ನರ್ಪಿಸಿದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿನ ರಸ್ತೆಯು ಯಲಹಂಕದಲ್ಲಿದೆ. ಮಗನನ್ನು ಕಳೆದುಕೊಳ್ಳುವುದೆಂದರೇನೆಂಬುದು ಈ ಪ್ರಾಂತದವರಿಗೆ ಗೊತ್ತು. ೨೦೧೫ರ ಮಾರ್ಚಿನಲ್ಲಿ ಗೋವೆಯ ಕಡಲಿನ ಮೇಲೆ ನೌಕಾದಳದ ಡಾರ್ನಿಯರ್ ವಿಮಾನ ಬಿದ್ದಾಗ ಲೆಫ್ಟಿನೆಂಟ್ ಕಿರಣ್ ಶೇಖಾವತ್ ಎಂಬ ತರುಣಿಯೂ ಕರ್ತವ್ಯದಲ್ಲಿಯೇ ಮಡಿದಳು. ಮೃತ್ಯುವಿಗೆ ಗಂಡುಹೆಣ್ಣಿನ ಭೇದವಿಲ್ಲ. ಆದರೆ ಮಗನ ಮರಣವನ್ನು ವೀರಮರಣವೆಂದೂ ಮಗಳ ಮರಣವನ್ನು ಹೆತ್ತವರ ಅವಿವೇಕವೆಂದೂ ಕರೆಯುವುದು ಸಲ್ಲದು. ಶಿಬಿರಗಳಲ್ಲಿ ಮೇಲಿನವರಿಂದ ಕಿರುಕುಳವಾದರೆ ಎಂಬ ಶಂಕೆಯೂ ನ್ಯಾಯವಾದದ್ದೇ. ಅದಕ್ಕೆ ಪರಿಹಾರವು ತಪ್ಪಿತಸ್ಥನ ಶಿಕ್ಷೆಯೇ ಹೊರತು, ತಪ್ಪು ಮಾಡದವಳ ಬಹಿಷ್ಕಾರವಲ್ಲ.

ನಾಲ್ಕನೆಯ ಆಕ್ಷೇಪವನ್ನು ಹೇಳುವವರು ಸಾತ್ವಿಕರು. ಜೀವವನ್ನು ಹೆರುವವಳ ಕೈಗೆ ಜೀವ ತೆಗೆಯುವ ಆಯುಧವೇಕೆ ಎನ್ನುತ್ತಾರೆ. ಅಹಿಂಸೆಯು ಪರಮಧರ್ಮವೆಂದು ನಂಬಿದವರಿಗೆ ನಮ್ಮ ನಮಸ್ಕಾರ. ಅವರು ತಮ್ಮ ಗಂಡುಮಕ್ಕಳನ್ನೂ ಸೇನೆಗೆ ಕಳುಹಿಸದಿರಲಿ. ಸೇನೆಯು ಕೆಟ್ಟದ್ದಾದರೆ ಇಬ್ಬರಿಗೂ ಕೆಟ್ಟದ್ದು; ಅವಶ್ಯವಾದರೆ ಇಬ್ಬರಿಗೂ ಅವಶ್ಯ. ಅಣ್ಣನ ಕೈಗೆ ಬಂದೂಕನ್ನು ಕೊಟ್ಟು ತಂಗಿಯ ಕೈಗೆ ಅಹಿಂಸಾವ್ರತವನ್ನು ಕೊಡುವುದು ಧರ್ಮವಲ್ಲ, ಅನುಕೂಲ.

ಇಷ್ಟಾದರೂ ನಾವು ವೀರಪೂಜೆಯಲ್ಲಿ ಹಿಂದುಳಿದವರಲ್ಲ. ಓಬವ್ವನ ಒನಕೆಯನ್ನೂ ಉಳ್ಳಾಲದ ಅಬ್ಬಕ್ಕನ ಸಾಹಸವನ್ನೂ ಮಕ್ಕಳಿಗೆ ಹೇಳುತ್ತೇವೆ. ೧೮೨೪ರಲ್ಲಿ ಆಂಗ್ಲರ ಸೇನೆಯನ್ನು ಸೋಲಿಸಿದ ಚೆನ್ನಮ್ಮನ ನೆನಪಿಗೆ ಪ್ರತಿವರ್ಷ ಅಕ್ಟೋಬರಿನಲ್ಲಿ ಕಿತ್ತೂರಿನಲ್ಲಿ ಉತ್ಸವ ನಡೆಯುತ್ತದೆ. ಅದೇ ಕಿತ್ತೂರಿನಲ್ಲಿ ೧೯೬೯ರಿಂದ ಚೆನ್ನಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳ ವಸತಿ ಸೈನಿಕಶಾಲೆಯೂ ನಡೆಯುತ್ತಿದೆ. ಖಡಕ್‌ವಾಸ್ಲಾದ ಬಾಗಿಲು ತೆರೆಯುವುದಕ್ಕೆ ಅರ್ಧ ಶತಮಾನ ಮೊದಲೇ ಕನ್ನಡನಾಡು ಹೆಣ್ಣುಮಕ್ಕಳನ್ನು ಸೈನಿಕಶಿಸ್ತಿನಲ್ಲಿ ಬೆಳೆಸಿತ್ತು. ಆದರೆ ಶಿಸ್ತನ್ನು ಕಲಿತವರಿಗೆ ಮುಂದಿನ ದಾರಿಯಿರಲಿಲ್ಲ. ಸತ್ತ ರಾಣಿಗೆ ಹೂವಿನ ಹಾರ, ಬದುಕಿರುವ ಮಗಳಿಗೆ ಬೇಡವೆಂಬ ಬುದ್ಧಿವಾದ: ಇದು ಪೂಜೆಯೋ, ಪರಿಹಾಸವೋ?

ಸರ್ಕಾರವು ಮಾಡಬೇಕಾದದ್ದು ಇನ್ನೂ ಉಂಟು. ೨೦೨೩ರಲ್ಲಿ ಫಿರಂಗಿದಳಕ್ಕೆ ಸ್ತ್ರೀ ಅಧಿಕಾರಿಗಳು ಬಂದರು. ಕಾಲಾಳುಪಡೆ, ಟ್ಯಾಂಕುಪಡೆಗಳ ಬಾಗಿಲು ಅವರಿಗೆ ತೆರೆದಿಲ್ಲ. ೨೦೨೨ರ ಅಗ್ನಿಪಥ ಯೋಜನೆಯಂತೆ ಸಿಪಾಯಿ ದರ್ಜೆಗೆ ಸೇರಿದವರಿಗೆ ನಾಲ್ಕು ವರ್ಷಗಳ ಸೇವೆ. ಬಳಿಕ ನೂರಕ್ಕೆ ಇಪ್ಪತ್ತೈದು ಜನರವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ. ಈ ಅನಿಶ್ಚಯವು ಹುಡುಗರಿಗೂ ಉಂಟು. ಆದರೆ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕೆಲಸವಿಲ್ಲದೆ ಮನೆಗೆ ಮರಳಿದ ಹುಡುಗನಿಗೆ ಬೇರೆ ಕೆಲಸ ಹುಡುಕುತ್ತಾರೆ, ಹುಡುಗಿಗೆ ವರನನ್ನು ಹುಡುಕುತ್ತಾರೆ. ಆಕರ್ಷಣೆಯೆಂಬುದು ಸಮವಸ್ತ್ರದ ಗುಂಡಿಯ ಹೊಳಪಿನಲ್ಲಿಲ್ಲ, ಬ್ಯಾಂಡಿನ ನಾದದಲ್ಲಿಲ್ಲ. ಸ್ಥಿರವಾದ ಸೇವೆ, ಯೋಗ್ಯತೆಗೆ ತಕ್ಕ ಬಡತಿ, ವೃದ್ಧಾಪ್ಯಕ್ಕೆ ವೇತನ, ಇಂಥವರ ಮಗಳು ಇಂಥವರ ಹೆಂಡತಿಯೆಂದಲ್ಲದೆ ತನ್ನ ಹೆಸರಿನಿಂದಲೇ ಬರುವ ಗೌರವ: ಇವುಗಳಲ್ಲಿದೆ. ಇವನ್ನು ಕೊಟ್ಟರೆ ಹೆಣ್ಣುಮಕ್ಕಳನ್ನು ಬಣ್ಣದ ಜಾಹೀರಾತುಗಳಿಂದ ಕರೆಯುವ ಅಗತ್ಯವಿಲ್ಲ.

ಆದರೆ ಸರ್ಕಾರದ ತಪ್ಪಿಗೆ ಒಂದು ಮದ್ದುಂಟು. ಅನ್ಯಾಯವಾದಾಗ ಸ್ತ್ರೀಯರು ನ್ಯಾಯಸ್ಥಾನಕ್ಕೆ ಹೋದರು, ಗೆದ್ದರು, ಸರ್ಕಾರವು ತಲೆಬಾಗಿತು. ಮನೆಯ ತೀರ್ಪಿಗೆ ಅಪೀಲು ಎಲ್ಲಿದೆ? ತಂದೆಯ ಮೌನದ ಮೇಲೆ, ಅಜ್ಜಿಯ ಕಣ್ಣೀರಿನ ಮೇಲೆ, “ಜನ ಏನೆಂದಾರು” ಎಂಬ ಒಂದು ಮಾತಿನ ಮೇಲೆ ಯಾವ ಹೆಣ್ಣುಮಗಳು ದಾವೆ ಹೂಡಬಲ್ಲಳು? ಆದುದರಿಂದ ನಮ್ಮ ಹೊಣೆ ಸರ್ಕಾರದ ಹೊಣೆಗಿಂತ ದೊಡ್ಡದು. ಮಗಳನ್ನು ಸೇನೆಗೆ ನೂಕಬೇಕೆಂದು ನಾವು ಹೇಳುತ್ತಿಲ್ಲ. ಆಕೆಗೆ ಪರೀಕ್ಷೆಯ ದಿನವನ್ನು ತಿಳಿಸೋಣ. ಕಾಲೇಜಿನಲ್ಲಿ ಎನ್.ಸಿ.ಸಿ.ಗೆ ಸೇರುವೆನೆಂದರೆ ಓದು ಕೆಡುವುದೆಂದು ತಡೆಯದಿರೋಣ. ಹುಡುಗಿಯರ ದಳವು ೧೯೪೯ರಿಂದಲೂ ಇದೆ. ಮುಂಜಾನೆ ಮೈದಾನದಲ್ಲಿ ಓಡುವೆನೆಂದರೆ ನೆರೆಯವರ ಕಿಟಕಿಯ ಕಡೆ ನೋಡದಿರೋಣ. ಮದುವೆಯ ಮಾತನ್ನು ಅರ್ಜಿಯ ಮೇಲೆ ಕಲ್ಲಿನಂತೆ ಹೇರದಿರೋಣ. ಇಷ್ಟು ಮಾಡಿದ ಮೇಲೆಯೂ ಆಕೆ ಬೇಡವೆಂದರೆ ಅದು ಆಕೆಯ ಅಭಿರುಚಿ. ಅದಕ್ಕೆ ಮೊದಲು ಬೇಡವೆನ್ನುವ ದನಿ ನಮ್ಮದು; ಅದನ್ನು ಆಕೆಯ ಬಾಯಿಂದ ಹೇಳಿಸುವುದನ್ನು ಇನ್ನಾದರೂ ಬಿಡೋಣ.